ಶಾಲೆಗೆ ಯಾವ ದಾರೀಲಿ ಹೋಗ್ತಿದ್ರಿ? ಬ್ರಿಟನ್ನಿನ ನಿಮ್ಮ ಬೀದಿಯ ಬಾಲ್ಯವನ್ನು ಕೇಳಿ ಬರೆದಿಡುವ ಬಗೆ

ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲಿ. ಈಗ 16 ವರ್ಷದಿಂದ ಇರುವುದು ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ, ಬ್ರಾಡ್‌ಫರ್ಡ್ ಪಕ್ಕದ ಸಾಲ್ಟೇರ್ ಎಂಬ ಊರಲ್ಲಿ. ಮೊದಲ ಏಳೆಂಟು ವರ್ಷ ಇಲ್ಲಿ ನನಗೆ ಗೊತ್ತಿದ್ದದ್ದು ನಾಲ್ಕೇ ಜಾಗ: ಮನೆ, ಮಗನ ಶಾಲೆ, ನಾನು ಕೆಲಸ ಮಾಡುವ ಔಷಧಿ ಅಂಗಡಿ, ರೈಲ್ವೆ ಸ್ಟೇಷನ್.

ಮಗ ನಾಲ್ಕನೇ ತರಗತಿಗೆ ಬಂದಾಗ ಒಂದು ಹೋಂವರ್ಕ್ ಬಂತು. ಇಲ್ಲಿನ ಪ್ರಾಥಮಿಕ ಶಾಲೆಯ ಪಠ್ಯದಲ್ಲಿ ಸ್ವಂತ ಊರಿನ ಇತಿಹಾಸ ಕಲಿಯುವುದೂ ಸೇರಿದೆ. ಇಲ್ಲೇ ಬೆಳೆದ ಹಿರಿಯರೊಬ್ಬರನ್ನು ಮಾತಾಡಿಸಿ ಒಂದು ಪುಟ ಬರೆದು ತರಬೇಕಿತ್ತು. ಎದುರುಮನೆಯ ಅಜ್ಜಿಯನ್ನು ಕೇಳಿದೆವು. ಅವರು ಹುಟ್ಟಿದ್ದು 1944ರಲ್ಲಿ, ನಮ್ಮಿಂದ ಎರಡು ಬೀದಿ ಆಚೆ. ಮಗನ ಒಂದು ಪುಟ ಒಂದು ವಾರದಲ್ಲಿ ಮುಗಿಯಿತು. ನನ್ನದು ಇನ್ನೂ ಮುಗಿದಿಲ್ಲ. ಐದು ನೋಟ್‌ಬುಕ್ ತುಂಬಿವೆ.

ನಮ್ಮವರು ಈ ದೇಶದ ಮೂಲೆಮೂಲೆಯಲ್ಲೂ ಇದ್ದಾರೆ. ಆಸ್ಪತ್ರೆ ಕೆಲಸಕ್ಕೆ ಬಂದವರು, ಸಾಫ್ಟ್‌ವೇರಿನವರು, ಓದಲು ಬಂದ ಮಕ್ಕಳು. ನಿಮ್ಮ ಬೀದಿಯಲ್ಲೂ 75, 80 ದಾಟಿದವರು ಇದ್ದೇ ಇರುತ್ತಾರೆ. ಅವರ ಬಾಲ್ಯವನ್ನು ಕೇಳಿ ಬರೆದಿಡುವುದು ಹೇಗೆ ಅಂತ ಹೇಳುತ್ತೇನೆ. ನಾನು ಇತಿಹಾಸ ಓದಿದವಳಲ್ಲ. ಮಾಡುತ್ತ ಮಾಡುತ್ತ ಕಲಿತದ್ದು ಇಷ್ಟು.

ದೊಡ್ಡ ಪ್ರಶ್ನೆ ಕೇಳಬೇಡಿ

ಮೊದಲ ದಿನ ನಾನು 30 ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ‘ಆಗಿನ ಕಾಲದ ಜೀವನ ಹೇಗಿತ್ತು?’, ‘ಯುದ್ಧ ಮುಗಿದ ಮೇಲೆ ಊರು ಹೇಗೆ ಬದಲಾಯಿತು?’ ಇಂಥವು. ಅಜ್ಜಿ ಎರಡು ಪ್ರಶ್ನೆಗೆ ಉತ್ತರ ಕೊಟ್ಟು, ‘ಎಲ್ಲರ ಹಾಗೇ ಇತ್ತಮ್ಮ, ಹೇಳೋಕೆ ಏನಿದೆ’ ಅಂದು ಸುಮ್ಮನಾದರು. ಮಗನಿಗೆ ಬೇಜಾರಾಗಿ ಮಧ್ಯೆ ಬಾಯಿ ಹಾಕಿದ: ‘ನೀವು ಶಾಲೆಗೆ ಯಾವ ದಾರೀಲಿ ಹೋಗ್ತಿದ್ರಿ?’

ಅಜ್ಜಿ ಅವನ ಕೈಯಿಂದ ಪೆನ್ಸಿಲ್ ತೆಗೆದುಕೊಂಡರು. ಮನೆ ಬಾಗಿಲಿಂದ ಗೆರೆ ಎಳೆಯತೊಡಗಿದರು. ಇಲ್ಲಿ ನಾಯಿ ಇತ್ತು, ಓಡಬೇಕಿತ್ತು. ಇಲ್ಲಿ ಮೀನು ಹುರಿಯುವ ಅಂಗಡಿ. ಈ ಸಂದಿಯಲ್ಲಿ ಹೋದರೆ ಬೇಗ, ಆದರೆ ಅಮ್ಮ ಬೇಡ ಅಂದಿದ್ದರು. ಕೊನೆಗೆ ವಿಕ್ಟೋರಿಯಾ ರಸ್ತೆಯ ಕಲ್ಲಿನ ಸಿಂಹಗಳು. ಅಲ್ಲಿ ನಾಲ್ಕು ಸಿಂಹ ಇವೆ. ಯುದ್ಧ, ಶಾಂತಿ, ಎಚ್ಚರ, ಛಲ ಅಂತ ಅವುಗಳ ಹೆಸರು. ಲಂಡನ್ನಿನ ಟ್ರಫಾಲ್ಗರ್ ಚೌಕಕ್ಕೆಂದು ಮಾಡಿದ್ದವು ಇಲ್ಲಿಗೆ ಬಂದವು ಎಂದು ಊರವರೆಲ್ಲ ಹೇಳುತ್ತಾರೆ. ಅಜ್ಜಿಗೆ ಆ ಹೆಸರು ಯಾವುದೂ ಗೊತ್ತಿರಲಿಲ್ಲ. ಮಕ್ಕಳು ಒಬ್ಬೊಬ್ಬರು ಒಂದೊಂದು ಸಿಂಹ ಹಂಚಿಕೊಂಡಿದ್ದರು. ಶಾಲೆಗೆ ಹೋಗುವಾಗ ತಮ್ಮ ಸಿಂಹದ ಪಂಜ ಮುಟ್ಟಿ ಹೋಗದಿದ್ದರೆ ಅವತ್ತು ಬೆತ್ತದೇಟು ಖಂಡಿತ ಅಂತ ನಂಬಿಕೆ.

ನಲವತ್ತು ನಿಮಿಷ ಮಾತಾಡಿದರು. ಆ ಒಂದು ಗೆರೆಯಲ್ಲಿ ಎಲ್ಲ ಇತ್ತು.

ಹಾಗಾಗಿ ಮೊದಲ ಪ್ರಶ್ನೆ ಇದೇ ಇರಲಿ. ಒಂದು ದೊಡ್ಡ ಹಾಳೆ, ಒಂದು ಪೆನ್ಸಿಲ್ ಕೊಡಿ. ದಾರಿ ಬರೆಯಲು ಹೇಳಿ. ಚೆನ್ನಾಗಿ ಬರದಿದ್ದರೂ ಪರವಾಗಿಲ್ಲ. ಗೆರೆ ಎಳೆಯುತ್ತಾ ಹೋದ ಹಾಗೆ ಅಂಗಡಿ, ನಾಯಿ, ವಾಸನೆ, ಭಯ ಒಂದೊಂದೇ ನೆನಪಾಗುತ್ತವೆ. ಆಮೇಲೆ ಕೇಳಬಹುದಾದ ಇನ್ನು ಕೆಲವು: ಸ್ನಾನ ಯಾವ ವಾರ, ಎಲ್ಲಿ? ಬಟ್ಟೆ ಯಾವ ದಿನ ಒಗೆಯುತ್ತಿದ್ದರು? ಯಾರ ಮನೆಗೆ ಹೋಗಬಾರದು ಅಂತ ಹೇಳಿದ್ದರು? ಕೈಗೆ ಒಂದು ಪೆನ್ನಿ ಸಿಕ್ಕರೆ ಏನು ಕೊಳ್ಳುತ್ತಿದ್ದಿರಿ?

ಹೋಗುವ ಮೊದಲು ಮ್ಯಾಪು ನೋಡಿ

ಮಾತಿಗೆ ಹೋಗುವ ಹಿಂದಿನ ದಿನ ಒಂದು ಗಂಟೆ ಹಳೆಯ ಮ್ಯಾಪಿನ ಮುಂದೆ ಕೂರಿ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ವೆಬ್‌ಸೈಟಿನಲ್ಲಿ ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡಿನ ಹಳೆಯ ಆರ್ಡ್‌ನೆನ್ಸ್ ಸರ್ವೆ (ಇಲ್ಲಿನ ಸರ್ಕಾರಿ ನಕ್ಷೆ ಇಲಾಖೆ) ಮ್ಯಾಪುಗಳು ಉಚಿತವಾಗಿ ಸಿಗುತ್ತವೆ. ಇವತ್ತಿನ ಉಪಗ್ರಹ ಚಿತ್ರವನ್ನು ಪಕ್ಕದಲ್ಲೇ ಇಟ್ಟು ಎರಡನ್ನೂ ಒಟ್ಟಿಗೆ ಸರಿಸುತ್ತ ನೋಡಬಹುದು. ‘25 ಇಂಚು’ ಎಂಬ ಸರಣಿ ಹುಡುಕಿ. ಮೈಲಿಗೆ 25 ಇಂಚಿನ ಲೆಕ್ಕದಲ್ಲಿ ಬರೆದದ್ದು. ಒಂದೊಂದು ಮನೆ, ಹಿತ್ತಲು ಸಹ ಕಾಣುತ್ತದೆ.

ಮ್ಯಾಪಿನಲ್ಲಿರುವ ಪುಟ್ಟ ಅಕ್ಷರಗಳನ್ನು ಓದಲು ಕಲಿಯಿರಿ. ‘ಡಬ್ಲ್ಯೂ’ ಅಂದರೆ ಬಾವಿ. ‘ಪಿ’ ಅಂದರೆ ನೀರಿನ ಪಂಪು. ‘ಎಫ್.ಪಿ.’ ಕಾಲುದಾರಿ. ‘ಎಸ್.ಬಿ.’ ರೈಲ್ವೆಯ ಸಿಗ್ನಲ್ ಮನೆ. ‘ಪಿ.ಎಚ್.’ ಅಂದರೆ ಪಬ್ಬು. ‘ಬಿ.ಎಂ.’ ಅಂದರೆ ಎತ್ತರ ಅಳೆಯಲು ಗೋಡೆಗೆ ಕೊರೆದ ಗುರುತು. ಒಂದು ಅಡ್ಡಗೆರೆ, ಅದರ ಕೆಳಗೆ ಮೇಲ್ಮುಖದ ಬಾಣ. ಮಕ್ಕಳ ಕೈಗೆ ಮ್ಯಾಪು ಕೊಟ್ಟು ಇದನ್ನು ಹುಡುಕಲು ಕಳಿಸಿ. ನನ್ನ ಮಗ ಒಂದು ಶನಿವಾರ ಪೂರ್ತಿ ಇದೇ ಕೆಲಸ ಮಾಡಿದ.

ನಮ್ಮ ಊರಿನ ಹಳೆಯ ಮ್ಯಾಪಿನಲ್ಲಿ ನನಗೆ ಮೊದಲು ಕಂಡದ್ದು ಇಲ್ಲದ ಅಕ್ಷರ. ಸುತ್ತಲಿನ ಊರಲ್ಲೆಲ್ಲ ಪಬ್ಬು. ಸಾಲ್ಟೇರಿನ ಬೀದಿಗಳಲ್ಲಿ ಒಂದೂ ಇಲ್ಲ. ಯಾಕೆ ಅಂತ ಹುಡುಕಿದಾಗ ಊರಿನ ಹುಟ್ಟೇ ಸಿಕ್ಕಿತು. ಟೈಟಸ್ ಸಾಲ್ಟ್ ಎಂಬ ಉಣ್ಣೆ ಮಿಲ್ಲಿನ ಮಾಲೀಕ 1853ರಲ್ಲಿ, ತನ್ನ 50ನೇ ಹುಟ್ಟುಹಬ್ಬದ ದಿನ, ಏರ್ ನದಿಯ ದಡದಲ್ಲಿ ದೊಡ್ಡ ಮಿಲ್ಲು ತೆರೆದ. ಅವನ ಹೆಸರು ಮತ್ತು ನದಿಯ ಹೆಸರು ಸೇರಿ ಸಾಲ್ಟೇರ್ ಆಯಿತು. ಕೆಲಸಗಾರರಿಗೆಂದು 800ಕ್ಕೂ ಹೆಚ್ಚು ಕಲ್ಲಿನ ಮನೆ ಕಟ್ಟಿಸಿದ. ಶಾಲೆ, ಚರ್ಚು, ಪಾರ್ಕು ಎಲ್ಲ ಕೊಟ್ಟ. ಪಬ್ಬಿಗೆ ಮಾತ್ರ ಜಾಗ ಕೊಡಲಿಲ್ಲ. ಬೀದಿಗಳಿಗೆ ಹೆಂಡತಿ ಕ್ಯಾರೊಲೈನಳ ಹೆಸರು, ಮಕ್ಕಳ ಹೆಸರು, ಕಟ್ಟಡದ ನಕ್ಷೆ ಬರೆದ ಲಾಕ್‌ವುಡ್ ಮತ್ತು ಮಾಸನ್ ಅವರ ಹೆಸರು. 2001ರಿಂದ ಇದು ಯುನೆಸ್ಕೋದ ವಿಶ್ವ ಪರಂಪರೆಯ ತಾಣ.

ನಿಮ್ಮ ಊರು ಹೀಗೆ ಹೆಸರಾದದ್ದು ಆಗಿರಬೇಕಿಲ್ಲ. ನನಗೆ ಕೇಳಿದರೆ, ಹೆಸರಾಗದ ಊರಿನ ಕೆಲಸವೇ ಜಾಸ್ತಿ ಮುಖ್ಯ. ಸಾಲ್ಟೇರಿನ ಬಗ್ಗೆ ಬರೆಯುವವರು ಸಾಕಷ್ಟು ಜನ ಇದ್ದಾರೆ. ಒಂದು ಸಾಮಾನ್ಯ ಗಣಿ ಊರಿನ, ಮೀನುಗಾರರ ಊರಿನ ಹಿಂಬದಿಯ ಬೀದಿಯನ್ನು ಯಾರು ಬರೆಯುತ್ತಾರೆ?

ಆಟದ ಬಾಗಿಲಿಂದ ಒಳಗೆ ಹೋಗಿ

ನಾವು ಹೊರಗಿನವರು, ನಮಗೇಕೆ ಹೇಳುತ್ತಾರೆ ಅಂತ ಹಿಂಜರಿಯಬೇಡಿ. ಹೊರಗಿನವರಾದದ್ದೇ ನಮ್ಮ ಅನುಕೂಲ. ಇಲ್ಲಿಯವರು ಕೇಳಿದರೆ ‘ನಿನಗೇ ಗೊತ್ತಲ್ಲ’ ಅಂತ ಬಿಟ್ಟುಬಿಡುವುದನ್ನು ನಮಗೆ ಬಿಡಿಸಿ ಹೇಳುತ್ತಾರೆ. ಜೊತೆಗೆ ನಮ್ಮ ಬಾಲ್ಯವೂ ನಮ್ಮ ಕೈಯಲ್ಲಿದೆ. ಅದನ್ನು ಮುಂದಿಡಿ.

ಅಜ್ಜಿಯ ಅಣ್ಣ ಒಂದು ಆಟ ಆಡುತ್ತಿದ್ದರಂತೆ. ಎರಡೂ ತುದಿ ಚೂಪಾದ ಸಣ್ಣ ಕಟ್ಟಿಗೆ. ಅದರ ತುದಿಗೆ ಕೋಲಿನಿಂದ ಹೊಡೆದು ಮೇಲೆ ಹಾರಿಸಿ, ಗಾಳಿಯಲ್ಲೇ ಇನ್ನೊಮ್ಮೆ ಹೊಡೆದು ದೂರ ಕಳಿಸುವುದು. ಇಲ್ಲಿ ಅದಕ್ಕೆ ‘ಪಿಗ್ಗಿ’ ಅನ್ನುತ್ತಾರೆ. ನಾನು ಎದ್ದು ನಿಂತುಬಿಟ್ಟೆ. ಚಿನ್ನಿದಾಂಡು! ಅಜ್ಜಿಯ ಹಿತ್ತಲಲ್ಲೇ ಎರಡು ಕಡ್ಡಿ ಹುಡುಕಿ ಆಡಿ ತೋರಿಸಿದೆ. ಅವತ್ತಿಂದ ಅವರು ನನ್ನನ್ನು ಪ್ರಶ್ನೆ ಕೇಳುವವಳ ಹಾಗೆ ನೋಡಲಿಲ್ಲ. ಕುಂಟೆಬಿಲ್ಲೆ, ಗೋಲಿ, ಐದು ಕಲ್ಲಿನ ಆಟ ಇವೆಲ್ಲ ಇಲ್ಲೂ ಇದ್ದವು. ನೆಲದ ಮೇಲೆ ಕುಂಟೆಬಿಲ್ಲೆಯ ಮನೆ ಬರೆದು, ‘ನಿಮ್ಮಲ್ಲಿ ಹೀಗೇನಾ?’ ಅಂತ ಕೇಳಿ. ನೋಡಿ ಆಮೇಲೆ ಏನಾಗುತ್ತದೆ ಅಂತ.

ಹಬ್ಬಗಳನ್ನೂ ಕೇಳಿ. ನವೆಂಬರ್ 5ಕ್ಕೆ ಇಲ್ಲಿ ಬೆಂಕಿ ಹಾಕುವ ಹಬ್ಬ. ಅದಕ್ಕೆ ವಾರಗಟ್ಟಲೆ ಮೊದಲೇ ಮಕ್ಕಳು ಮರದ ಚೂರು, ಮುರಿದ ಕುರ್ಚಿ, ಹಳೆ ಬಾಗಿಲು ಒಟ್ಟುಮಾಡುತ್ತಿದ್ದರು. ಈ ಭಾಗದಲ್ಲಿ ಅದಕ್ಕೆ ‘ಚಂಪಿಂಗ್’ ಅಂತ ಹೆಸರು. ಪಕ್ಕದ ಬೀದಿಯ ಮಕ್ಕಳು ರಾತ್ರಿ ಬಂದು ಕದ್ದೊಯ್ಯುತ್ತಾರೆ ಅಂತ ಸರದಿಯಲ್ಲಿ ಕಾವಲು ಬೇರೆ. ಹಿಂದಿನ ರಾತ್ರಿ ಊರವರ ಗೇಟು ಕಿತ್ತು ಬಚ್ಚಿಡುವ ತುಂಟಾಟ. ಇದನ್ನು ಕೇಳುತ್ತಿದ್ದಾಗ ನನಗೆ ಕಾಮಣ್ಣನ ಹುಣ್ಣಿಮೆಯೇ ಕಣ್ಣ ಮುಂದೆ ಬಂತು. ನಮ್ಮ ಓಣಿಯಲ್ಲೂ ಕುಳ್ಳು, ಕಟ್ಟಿಗೆ ಕದಿಯುವುದು ಹೀಗೇ. ನಾನು ಅದನ್ನು ಹೇಳಿದ ಮೇಲೆ ಅಜ್ಜಿ ತಾವು ಯಾರ ಹಿತ್ತಲಿನ ಕೋಳಿಗೂಡನ್ನು ಹೊತ್ತೊಯ್ದು ಸುಟ್ಟರು ಅನ್ನುವುದನ್ನು ಒಪ್ಪಿಕೊಂಡರು. ಆ ಮನೆಯವರ ಹೆಸರನ್ನು ನಾನು ಬರೆದಿಲ್ಲ.

ಇನ್ನೊಂದು ವಿಷಯ ನನ್ನ ಮನಸ್ಸಿಗೆ ತುಂಬ ಹತ್ತಿರ. ಇಲ್ಲಿನ ಹೆಂಗಸರು ಪ್ರತಿ ವಾರ ಬಾಗಿಲ ಮೆಟ್ಟಿಲನ್ನು ತಿಕ್ಕಿ ತೊಳೆದು, ಅದರ ಅಂಚಿಗೆ ಒಂದು ಮೆದು ಕಲ್ಲಿನಿಂದ ಬಿಳಿ ಅಥವಾ ಕೆನೆ ಬಣ್ಣದ ಗೆರೆ ಹಾಕುತ್ತಿದ್ದರು. ‘ಡಾಂಕಿ ಸ್ಟೋನ್’ ಅಂತ ಆ ಕಲ್ಲಿನ ಹೆಸರು. ಹಳೆ ಬಟ್ಟೆ ಕೊಳ್ಳಲು ಗಾಡಿಯಲ್ಲಿ ಬರುತ್ತಿದ್ದವನು ಚಿಂದಿಗೆ ಬದಲಾಗಿ ಅದನ್ನು ಕೊಡುತ್ತಿದ್ದ. ಗೆರೆ ಹಾಕದ ಮನೆಯ ಬಗ್ಗೆ ಬೀದಿಯವರು ಮಾತಾಡಿಕೊಳ್ಳುತ್ತಿದ್ದರಂತೆ. ಹೊಸಿಲು ಸಾರಿಸಿ ರಂಗೋಲಿ ಇಟ್ಟಿಲ್ಲ ಅಂದರೆ ನಮ್ಮಲ್ಲಿ ಆಡಿಕೊಳ್ಳುವುದಿಲ್ಲವೇ, ಹಾಗೆ. ನಾನು ಫೋನಿನಲ್ಲಿ ಅಮ್ಮನ ಮನೆಯ ರಂಗೋಲಿ ತೋರಿಸಿದೆ. ಅಜ್ಜಿ ಅಂಚಿನ ಎಳೆಗಳನ್ನು ಬಹಳ ಹೊತ್ತು ನೋಡಿದರು. ‘ನಮ್ಮಮ್ಮನಿಗೆ ಇದು ಅರ್ಥ ಆಗ್ತಿತ್ತು’ ಅಂದರು.

ಅವರ ಮಾತು ಅವರದೇ ಇರಲಿ

ಅಜ್ಜಿ ಒಮ್ಮೆ, ಶುಕ್ರವಾರ ಅಪ್ಪ ‘ಸ್ಪೈಸ್’ ತರುತ್ತಿದ್ದರು ಅಂದರು. ನಾನು ಮಸಾಲೆ ಪದಾರ್ಥ ಅಂತ ಬರೆದುಕೊಂಡೆ. ಆ ಕಾಲದಲ್ಲಿ ಮಿಲ್ಲಿನ ಕೆಲಸಗಾರ ವಾರ ವಾರ ಮಸಾಲೆ ತರುತ್ತಿದ್ದನೇ ಅಂತ ಒಂದು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ಕೇಳಿದೆ. ಈ ಕಡೆಯ ಆಡುಮಾತಿನಲ್ಲಿ ಸ್ಪೈಸ್ ಅಂದರೆ ಮಿಠಾಯಿ! ಹಾಗೆಯೇ ‘ಲೇಕಿನ್’ ಅಂದರೆ ಆಟವಾಡುವುದು. ಮಿಲ್ಲಿನವರ ಬಾಯಲ್ಲಿ ಅದೇ ಮಾತಿಗೆ ಅವತ್ತು ಕೆಲಸ ಸಿಗದೆ ಮನೆಯಲ್ಲಿರುವುದು ಅಂತಲೂ ಅರ್ಥ. ಎರಡು ಮನೆಗಳ ನಡುವಿನ ಸಂದಿಗೆ ‘ಗಿನೆಲ್’, ‘ಸ್ನಿಕೆಟ್’. ಆಟದ ಮಧ್ಯೆ ನಾವು ‘ಟೈಂ ಪ್ಲೀಸ್’ ಅನ್ನುತ್ತೇವಲ್ಲ, ಅದಕ್ಕೆ ಅಜ್ಜಿಯ ಬೀದಿಯಲ್ಲಿ ‘ಕಿಂಗ್ಸ್’. ಇಂಗ್ಲೆಂಡಿನ ಈಶಾನ್ಯ ಮೂಲೆಗೆ ಹೋದರೆ ‘ಸ್ಕಿಂಚ್’, ಲಂಡನ್ ಕಡೆ ‘ಫೇನೈಟ್ಸ್’. ನಿಮ್ಮ ಊರಿನ ಮಾತು ಯಾವುದು ಅಂತ ಕೇಳಿ ನೋಡಿ. ಎಪ್ಪತ್ತು ವರ್ಷ ಬಾಯಿಗೆ ಬರದ ಮಾತು ತಟ್ಟನೆ ಬರುತ್ತದೆ.

ಗೊತ್ತಿಲ್ಲದ ಮಾತು ಬಂದರೆ ಆಗಲೇ ಕೇಳಿ. ಅರ್ಥ ಆದ ಹಾಗೆ ತಲೆಯಾಡಿಸಬೇಡಿ. ಬರೆಯುವಾಗ ಅದನ್ನು ಪುಸ್ತಕದ ಇಂಗ್ಲಿಷಿಗೆ ತಿದ್ದಬೇಡಿ. ಇಲ್ಲಿ ಕನ್ನಡ ಬಲ್ಲವರಿಗೆ ಒಂದು ದೊಡ್ಡ ಉಪಕಾರ ಇದೆ. ಇಂಗ್ಲಿಷ್ ಅಕ್ಷರದಲ್ಲಿ ಯಾರ್ಕ್‌ಷೈರಿನ ಉಚ್ಚಾರ ಬರೆಯುವುದು ಕಷ್ಟ. ಕನ್ನಡದಲ್ಲಿ ಕೇಳಿದ್ದನ್ನು ಬಹುಮಟ್ಟಿಗೆ ಕೇಳಿದ ಹಾಗೇ ಬರೆಯಬಹುದು. ನನ್ನ ನೋಟ್‌ಬುಕ್ಕಿನಲ್ಲಿ ಅಜ್ಜಿಯ ವಾಕ್ಯಗಳು ಇಂಗ್ಲಿಷಿನಲ್ಲಿವೆ, ಅವುಗಳ ಮೇಲೆ ಪುಟ್ಟದಾಗಿ ಕನ್ನಡ ಅಕ್ಷರದಲ್ಲಿ ಅವರ ಉಚ್ಚಾರ ಇದೆ.

ರೆಕಾರ್ಡ್ ಮಾಡಲು ಫೋನು ಸಾಕು. ಟಿವಿ ಆಫ್ ಮಾಡಿಸಿ. ಗಡಿಯಾರ, ಫ್ರಿಜ್ಜಿನಿಂದ ದೂರ ಕೂರಿ. ಫೋನನ್ನು ಮೇಜಿನ ಮೇಲೆ ಬಟ್ಟೆ ಹಾಸಿ ಇಡಿ, ಇಲ್ಲದಿದ್ದರೆ ಚಹಾ ಕಪ್ಪು ಇಟ್ಟಾಗೆಲ್ಲ ಗುಡುಗು ಕೇಳಿಸುತ್ತದೆ. ಒಂದು ಸಲಕ್ಕೆ ಮುಕ್ಕಾಲು ಗಂಟೆಗಿಂತ ಜಾಸ್ತಿ ಬೇಡ, ಅವರಿಗೆ ಆಯಾಸವಾಗುತ್ತದೆ. ಮೊದಲಿಗೆ ದಿನಾಂಕ, ಬೀದಿ, ಯಾರು ಮಾತಾಡುತ್ತಿದ್ದಾರೆ ಎಂದು ನೀವೇ ಹೇಳಿ. ಅವತ್ತೇ ರಾತ್ರಿ ಎರಡು ಕಡೆ ಕಾಪಿ ಮಾಡಿ. ನನ್ನ ಮೂರನೇ ರೆಕಾರ್ಡಿಂಗ್ ಫೋನಿನ ಜೊತೆ ಹೋಯಿತು. ಅಜ್ಜಿ ಮಿಲ್ಲಿನ ಮೊದಲ ದಿನದ ಬಗ್ಗೆ ಹೇಳಿದ್ದು ಅದರಲ್ಲಿತ್ತು. ಇನ್ನೊಮ್ಮೆ ಹೇಳಿದರು, ಆದರೆ ಮೊದಲ ಸಲದ ಹಾಗೆ ಬರಲಿಲ್ಲ.

ರೆಕಾರ್ಡ್ ಮಾಡುವ ಮೊದಲು ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಈ ದೇಶದ ಕಾನೂನಿನಲ್ಲಿ ರೆಕಾರ್ಡ್ ಆದ ಮಾತಿನ ಹಕ್ಕು ಮಾತಾಡಿದವರದು. ಯಾರು ಕೇಳಬಹುದು, ಎಲ್ಲಿ ಇಡಬಹುದು, ಹೆಸರು ಹಾಕಬಹುದೇ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಸಿ.

ವರ್ಷ ಗೊತ್ತುಮಾಡುವ ಗೂಟಗಳು

‘ಯಾವ ವರ್ಷ?’ ಅಂತ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ನಮ್ಮ ಕಡೆ ‘ಇಂದಿರಾ ಗಾಂಧಿ ಸತ್ತ ವರ್ಷ’ ಅನ್ನುವ ಹಾಗೆ ಇಲ್ಲಿಯವರಿಗೂ ಗುರುತುಗಳಿವೆ. ಅವನ್ನು ಬಾಯಿಪಾಠ ಮಾಡಿಕೊಳ್ಳಿ. 1947ರ ಹಿಮ, 1962-63ರ ಭಾರೀ ಚಳಿ. 1948ರ ಜುಲೈ 5, ಸರ್ಕಾರದ ಉಚಿತ ವೈದ್ಯಸೇವೆ ಶುರು. 1953ರ ಜೂನ್ 2, ರಾಣಿ ಎಲಿಜಬೆತ್‌ರ ಪಟ್ಟಾಭಿಷೇಕ. 1954ರ ಜುಲೈ, ಯುದ್ಧಕಾಲದಿಂದ ಇದ್ದ ರೇಷನ್ ಪದ್ಧತಿ ಮಾಂಸದ ರೇಷನ್ನಿನೊಂದಿಗೆ ಮುಗಿದು ರೇಷನ್ ಪುಸ್ತಕಕ್ಕೇ ವಿದಾಯ. 1971ರ ಫೆಬ್ರವರಿ 15, ಹಣದ ಲೆಕ್ಕ ಬದಲಾದ ದಿನ. ಅದಕ್ಕೂ ಮೊದಲು 12 ಪೆನ್ನಿಗೆ ಒಂದು ಶಿಲಿಂಗ್, 20 ಶಿಲಿಂಗಿಗೆ ಒಂದು ಪೌಂಡ್.

ಇವು ದೇಶಕ್ಕೆಲ್ಲ ಒಂದೇ. ನಿಮ್ಮ ಊರಿನ ಗೂಟಗಳನ್ನು ನೀವೇ ಹುಡುಕಿಕೊಳ್ಳಬೇಕು. ನಮ್ಮಲ್ಲಿ ಟ್ರಾಲಿಬಸ್ ಒಂದು. ಮೇಲಿನ ತಂತಿಯಿಂದ ಕರೆಂಟು ಪಡೆದು ಓಡುವ ಬಸ್ಸು. ಬ್ರಾಡ್‌ಫರ್ಡಿನಲ್ಲಿ 1911ರಲ್ಲಿ ಶುರುವಾಗಿ 1972ರ ಮಾರ್ಚ್ 26ಕ್ಕೆ ನಿಂತಿತು. ಬ್ರಿಟನ್ನಿನಲ್ಲಿ ಕೊನೆಗೆ ನಿಂತದ್ದು ಇದೇ. ಸಾಲ್ಟೇರ್ ರೈಲ್ವೆ ಸ್ಟೇಷನ್ 1965ರಲ್ಲಿ ಮುಚ್ಚಿ 1984ರಲ್ಲಿ ಮತ್ತೆ ತೆರೆಯಿತು. ಯಾರಾದರೂ ಇಲ್ಲಿಂದ ರೈಲು ಹತ್ತಿ ಸಮುದ್ರ ನೋಡಲು ಹೋದೆವು ಅಂದರೆ ಈ ಎರಡು ವರ್ಷದ ನಡುವೆ ಇರಲಾರದು. ಮಿಲ್ಲು ನಿಂತದ್ದು 1986ರಲ್ಲಿ.

ಫೋಟೋಗಳಿಗೂ ಹೀಗೇ. ಚಿಮಣಿಯ ಮೇಲೆ ‘ಎಚ್’ ಅಕ್ಷರದ ಹಾಗಿರುವ ಟಿವಿ ಆಂಟೆನಾ ಕಂಡರೆ, ಈ ಭಾಗದಲ್ಲಿ ಅದು 1951ರ ಅಕ್ಟೋಬರ್ ನಂತರದ್ದು ಅಂತ ಧೈರ್ಯವಾಗಿ ಹೇಳಬಹುದು. ಹೋಮ್ ಮಾಸ್ ಬೆಟ್ಟದ ಟಿವಿ ಗೋಪುರ ಆಗ ಶುರುವಾಯಿತು. ಗೋಡೆಯ ಬಣ್ಣ ನೋಡಿ. ಈಗ ಜೇನಿನ ಬಣ್ಣದ ಈ ಕಲ್ಲು ಹಳೆಯ ಫೋಟೋದಲ್ಲಿ ಇದ್ದಿಲ ಹಾಗೆ ಕಪ್ಪು. ಎಲ್ಲ ಮಿಲ್ಲಿನ ಹೊಗೆ. ಕಲ್ಲು ಹುಟ್ಟುವುದೇ ಕಪ್ಪಾಗಿ ಅಂತ ಅಜ್ಜಿ ಚಿಕ್ಕವರಿದ್ದಾಗ ತಿಳಿದಿದ್ದರು. 1956ರಲ್ಲಿ ಶುದ್ಧ ಗಾಳಿಯ ಕಾಯ್ದೆ ಬಂದ ಮೇಲೆ, ನಿಧಾನವಾಗಿ, ಕಟ್ಟಡಗಳನ್ನು ತೊಳೆಯತೊಡಗಿದರು.

ಕಾಗದ ಹುಡುಕುವುದು

ಮಾತು ಕೇಳಿದ ಮೇಲೆ ಕಾಗದಕ್ಕೆ ಹೋಗಿ. ಮೊದಲೇ ಹೋದರೆ ನಿಮಗೆ ಬೇಕಾದ್ದನ್ನು ಅವರ ಬಾಯಿಂದ ಹೇಳಿಸುತ್ತೀರಿ.

ಬ್ರಿಟನ್ನಿನಲ್ಲಿ 1801ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ ಇದೆ. ಮನೆಯವರೆಲ್ಲರ ಹೆಸರು ಸಿಗುವುದು 1841ರಿಂದ. 100 ವರ್ಷ ಆಗುವವರೆಗೆ ತೆರೆಯುವುದಿಲ್ಲ. 1921ರದ್ದು 2022ರ ಜನವರಿಯಲ್ಲಿ ತೆರೆಯಿತು. ಇಂಗ್ಲೆಂಡ್ ಮತ್ತು ವೇಲ್ಸಿನ 1931ರ ಗಣತಿಗೆ ಕಾಯಬೇಡಿ. ಅದು 1942ರ ಡಿಸೆಂಬರಿನಲ್ಲಿ ಬೆಂಕಿಗೆ ಆಹುತಿಯಾಯಿತು. 1941ರಲ್ಲಿ ಯುದ್ಧ, ಗಣತಿಯೇ ಆಗಲಿಲ್ಲ. ಆ ಖಾಲಿ ಜಾಗವನ್ನು ತುಂಬುವುದು 1939ರ ಸೆಪ್ಟೆಂಬರ್ 29ರಂದು ಮಾಡಿದ ರಿಜಿಸ್ಟರ್. ಗುರುತಿನ ಚೀಟಿ ಕೊಡಲು ಮಾಡಿದ್ದು. ಮನೆ ಮನೆಯವರ ಹೆಸರು, ಹುಟ್ಟಿದ ದಿನ, ಕೆಲಸ ಎಲ್ಲ ಇದೆ. ಮನೆಯಲ್ಲಿರುವ ಹೆಂಗಸರ ಕೆಲಸವನ್ನು ‘ಸಂಬಳವಿಲ್ಲದ ಮನೆಗೆಲಸ’ ಅಂತ ಬರೆದಿದ್ದಾರೆ. ಬದುಕಿರಬಹುದಾದವರ ಸಾಲನ್ನು ಕಪ್ಪಾಗಿ ಮುಚ್ಚಿರುತ್ತಾರೆ.

ಇವೆಲ್ಲ ದುಡ್ಡು ಕೊಟ್ಟು ನೋಡುವ ವೆಬ್‌ಸೈಟುಗಳಲ್ಲಿವೆ. ಮೊದಲು ನಿಮ್ಮೂರಿನ ಲೈಬ್ರರಿಗೆ ಹೋಗಿ ಕೇಳಿ. ಬಹಳ ಕಡೆ ಅಲ್ಲಿನ ಕಂಪ್ಯೂಟರಿನಲ್ಲಿ ಸುಮ್ನೆ ಕೂತು ಬಿಟ್ಟಿಯಾಗಿ ನೋಡಬಹುದು. ಹಳೆಯ ಪತ್ರಿಕೆಗಳೂ ಹಾಗೆಯೇ. ವೇಲ್ಸಿನಲ್ಲಿರುವವರಿಗೆ 1919ರವರೆಗಿನ ಪತ್ರಿಕೆಗಳು ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದಿಂದ ಮನೆಯಲ್ಲೇ ಉಚಿತ. ಪತ್ರಿಕೆಯಲ್ಲಿ ಹುಡುಕುವಾಗ ಮನುಷ್ಯರ ಹೆಸರಿಗಿಂತ ಬೀದಿಯ ಹೆಸರು ಹಾಕಿ. ‘ಮೇರಿ ಸ್ಟ್ರೀಟ್’ ಅಂತ ಹುಡುಕಿದರೆ ಕಳೆದ ಬೆಕ್ಕು, ಮದುವೆ, ಜಗಳ, ಚರ್ಚಿನ ಪಿಕ್ನಿಕ್ ಎಲ್ಲ ಬರುತ್ತವೆ. ಅಂಗಡಿಗಳಿಗೆ ಕೆಲ್ಲಿಯವರ ಡೈರೆಕ್ಟರಿಗಳನ್ನು, ಅಂದರೆ ಊರೂರಿನ ಅಂಗಡಿ, ವ್ಯಾಪಾರಿಗಳ ವಿಳಾಸದ ಹಳೆಯ ಪುಸ್ತಕಗಳನ್ನು ನೋಡಿ. ಅಜ್ಜಿ ಬರೆದ ಗೆರೆಯ ಮೇಲಿನ ಮೀನಂಗಡಿ ನನಗೆ ಅಂಥ ಒಂದು ಡೈರೆಕ್ಟರಿಯಲ್ಲೇ ಸಿಕ್ಕಿತು, ಅವರು ಹೇಳಿದ ಮೂಲೆಯಲ್ಲೇ. ಶಾಲೆಯ ಲಾಗ್‌ಬುಕ್ ಸಿಕ್ಕರೆ ಬಿಡಬೇಡಿ. 1862ರಿಂದ ಸರ್ಕಾರದ ಹಣ ಪಡೆವ ಶಾಲೆಯ ಹೆಡ್‌ಮಾಸ್ಟರು ಅದನ್ನು ಬರೆಯಲೇಬೇಕಿತ್ತು. ಎಷ್ಟು ಮಕ್ಕಳು ಬಂದರು, ಯಾಕೆ ಬರಲಿಲ್ಲ, ದಡಾರ, ಮಳೆ, ಎಲ್ಲ ಇರುತ್ತದೆ. ಹಳೆಯ ಲಾಗ್‌ಬುಕ್ಕುಗಳು ಜಿಲ್ಲಾ ದಾಖಲೆಗಳ ಕಚೇರಿಯಲ್ಲಿ ಇರುತ್ತವೆ. ಇತ್ತೀಚಿನವನ್ನು ತೋರಿಸುವುದಿಲ್ಲ.

1911ರ ಗಣತಿಯ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಆ ಹಾಳೆಯನ್ನು ಮನೆಯವರೇ ಕೈಯಾರೆ ತುಂಬಿದ್ದು. ಹಾಗಾಗಿ ಅಜ್ಜ ಮುತ್ತಜ್ಜಂದಿರ ಕೈಬರಹವೇ ನೋಡಲು ಸಿಗುತ್ತದೆ. ಅದರಲ್ಲಿ ಮದುವೆಯಾದ ಹೆಂಗಸರ ಬಗ್ಗೆ ಮೂರು ಕಾಲಂ ಇವೆ: ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು, ತೀರಿಕೊಂಡವರೆಷ್ಟು. ಅಜ್ಜಿಯ ಅಪ್ಪನ ಮನೆಯ ಹಾಳೆಯನ್ನು ನಾನು ಪ್ರಿಂಟ್ ಮಾಡಿಕೊಂಡು ಖುಷಿಯಿಂದ ಹೋಗಿ ಗಟ್ಟಿಯಾಗಿ ಓದಿದೆ. ಏಳು, ನಾಲ್ಕು, ಮೂರು. ಅಪ್ಪನಿಗೆ ತೀರಿಹೋದ ಮೂರು ಮಂದಿ ಅಣ್ಣ ತಮ್ಮ ಅಕ್ಕ ತಂಗಿಯರು ಇದ್ದರು ಎಂಬುದು ಅಜ್ಜಿಗೆ 70 ದಾಟಿದ ಮೇಲೆ ನನ್ನ ಬಾಯಿಂದ ಗೊತ್ತಾಯಿತು. ಅವರು ಎದ್ದು ಅಡುಗೆಮನೆಗೆ ಹೋದರು. ಅವತ್ತು ಮತ್ತೆ ಮಾತಾಡಲಿಲ್ಲ. ಈಗ ನಾನು ಕಾಗದವನ್ನು ಮೊದಲು ಒಬ್ಬಳೇ ಓದುತ್ತೇನೆ. ಆಮೇಲೆ ‘ನಿಮ್ಮ ಮನೆಯ ಹಾಳೆ ಸಿಕ್ಕಿದೆ, ಅದರಲ್ಲಿ ದುಃಖದ ಸಂಗತಿಯೂ ಇದೆ, ನೋಡ್ತೀರಾ?’ ಅಂತ ಕೇಳುತ್ತೇನೆ. ಬೇಡ ಅಂದವರೂ ಇದ್ದಾರೆ.

ನೆನಪು ಒಂದು, ಕಾಗದ ಇನ್ನೊಂದು

ಮಿಠಾಯಿಯ ರೇಷನ್ ಮುಗಿದದ್ದು ಪಟ್ಟಾಭಿಷೇಕದ ದಿನ ಅಂತ ಅಜ್ಜಿ ಹೇಳುತ್ತಾರೆ. ಬೀದಿಯಲ್ಲಿ ಮೇಜು ಹಾಕಿದ್ದರು, ಮಳೆ ಬಂತು, ಎಲ್ಲರ ಜೇಬಿನಲ್ಲೂ ಸ್ಪೈಸ್. ಕಾಗದ ಹೇಳುವುದು ಬೇರೆ. ಮಿಠಾಯಿ ರೇಷನ್ ಮುಗಿದದ್ದು 1953ರ ಫೆಬ್ರವರಿ 5ಕ್ಕೆ, ಪಟ್ಟಾಭಿಷೇಕಕ್ಕೆ ನಾಲ್ಕು ತಿಂಗಳು ಮೊದಲು. ಪಟ್ಟಾಭಿಷೇಕದ ದಿನ ಮಳೆ ಬಂದದ್ದು ನಿಜ. ಸಕ್ಕರೆ ಇನ್ನೂ ರೇಷನ್ನಿನಲ್ಲೇ ಇತ್ತು, ಆ ಸಂಭ್ರಮಕ್ಕೆಂದು ಎಲ್ಲರಿಗೂ ಒಂದು ಪೌಂಡ್ ಹೆಚ್ಚಿಗೆ ಕೊಟ್ಟಿದ್ದರು.

ನಾನು ಅಜ್ಜಿಯನ್ನು ತಿದ್ದಲಿಲ್ಲ. ನೋಟ್‌ಬುಕ್ಕಿನ ಎಡಪುಟದಲ್ಲಿ ಅವರು ಹೇಳಿದ್ದು, ಬಲಪುಟದಲ್ಲಿ ಕಾಗದ ಹೇಳಿದ್ದು. ಎಲ್ಲ ಸಂಗತಿಗೂ ಹೀಗೇ ಮಾಡಿ. ಒಂಬತ್ತು ವರ್ಷದ ಹುಡುಗಿಗೆ ಆ ವರ್ಷದ ಸಿಹಿಯೆಲ್ಲ ಒಂದೇ ದಿನದಲ್ಲಿ ಸೇರಿಕೊಂಡಿದೆ. ಅದೂ ಆ ಊರಿನ ಚರಿತ್ರೆಯೇ. ಬಲಪುಟ ಮಾತ್ರ ಇದ್ದಿದ್ದರೆ ತಾರೀಖು ಉಳಿಯುತ್ತಿತ್ತು, ಹುಡುಗಿ ಹೋಗುತ್ತಿದ್ದಳು.

ಒಬ್ಬರ ಮಾತಿಗೇ ನಿಲ್ಲಬೇಡಿ. ಅದೇ ಬೀದಿಯಲ್ಲಿ ಬೇರೆ ಬಾಲ್ಯಗಳೂ ಇರುತ್ತವೆ. ಯುದ್ಧ ಮುಗಿದ ಮೇಲೆ ಬ್ರಾಡ್‌ಫರ್ಡಿನ ಮಿಲ್ಲುಗಳಿಗೆ ಪೋಲೆಂಡ್, ಉಕ್ರೇನ್, ಇಟಲಿಯಿಂದ ಜನ ಬಂದರು. 1950, 60ರ ದಶಕದಲ್ಲಿ ಮೀರ್‌ಪುರ, ಪಂಜಾಬ್, ಸಿಲ್ಹೆಟ್ ಕಡೆಯವರು ಬಂದು ರಾತ್ರಿ ಪಾಳಿಯಲ್ಲಿ ದುಡಿದರು. ಅವರ ಮಕ್ಕಳು ಇಲ್ಲೇ ಬೆಳೆದರು. ನಮ್ಮ ಔಷಧಿ ಅಂಗಡಿಗೆ ಬರುವ ಹಿರಿಯರೊಬ್ಬರು ಎಂಟನೇ ವಯಸ್ಸಿಗೆ ಬಂದವರು. ಅಪ್ಪ ಹಗಲು ಮಲಗುವುದರಿಂದ ಮನೆಯಲ್ಲಿ ಪಿಸುಮಾತಿನಲ್ಲೇ ಆಡಬೇಕಿತ್ತು ಅಂತ ಹೇಳಿದರು. ಅಜ್ಜಿಯ ನೋಟ್‌ಬುಕ್ಕಿನ ಪಕ್ಕದಲ್ಲಿ ಅವರ ನೋಟ್‌ಬುಕ್ಕೂ ಇದೆ.

ನನಗೆ ಇದರಲ್ಲಿ ಒಂದು ಸ್ವಂತ ಎಳೆಯೂ ಇದೆ. ನಮ್ಮ ಅಜ್ಜ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿದ್ದರು. ನೂಲು ತುಂಬಿದ ಬಾಬಿನ್ (ನೂಲು ಸುತ್ತುವ ಉರುಳೆ) ತೆಗೆದು ಖಾಲಿಯದು ಹಾಕುವ ಕೆಲಸ, ಹೆಸರು ‘ಡಾಫರ್’. ನನಗೆ ಅದು ಕನ್ನಡದ ಮಾತೇ ಅನ್ನಿಸಿತ್ತು. ಎದುರುಮನೆಯ ಅಜ್ಜಿ 15ನೇ ವಯಸ್ಸಿಗೆ ಶಾಲೆ ಬಿಟ್ಟು ಮಿಲ್ಲಿಗೆ ಸೇರಿದಾಗ ಅವರ ಕೆಲಸವೂ ಅದೇ, ಹೆಸರೂ ಅದೇ.

ಎಲ್ಲಿ ಇಡುವುದು

ಮೂರು ಕಾಪಿ ಮಾಡಿ. ಒಂದು ಹೇಳಿದವರ ಮನೆಯವರಿಗೆ, ಮೊದಲು ಅವರಿಗೆ. ಒಂದು ನಿಮ್ಮಲ್ಲಿ. ಒಂದು ಊರಿನ ಲೈಬ್ರರಿಯ ಸ್ಥಳೀಯ ಇತಿಹಾಸ ವಿಭಾಗಕ್ಕೆ ಅಥವಾ ದಾಖಲೆಗಳ ಕಚೇರಿಗೆ. ಕೊಡುವ ಮೊದಲು ಫೋನ್ ಮಾಡಿ ಅವರಿಗೆ ಯಾವ ರೀತಿ ಬೇಕು ಕೇಳಿ. ಒಪ್ಪಿಗೆಯ ಹಾಳೆ ಇಲ್ಲದಿದ್ದರೆ ತೆಗೆದುಕೊಳ್ಳುವುದು ಕಷ್ಟ.

ಮನೆಯವರ ಫೋಟೋಗಳನ್ನು ಎರವಲು ತರಬೇಡಿ. ಅವರ ಮೇಜಿನ ಮೇಲೆಯೇ, ಕಿಟಕಿ ಬೆಳಕಿನಲ್ಲಿ, ಫೋನಿನಿಂದ ತೆಗೆದುಕೊಳ್ಳಿ. ಹಿಂಬದಿಯ ಚಿತ್ರವನ್ನೂ ತೆಗೆಯಿರಿ, ಅಲ್ಲೇ ಹೆಸರು ಇರುತ್ತದೆ. ಅವರೇ ಬರೆಯಲು ಬಯಸಿದರೆ ಮೆತ್ತನೆಯ ಪೆನ್ಸಿಲ್ ಕೊಡಿ, ಪೆನ್ನು ಬೇಡ. ಮಂಡಕ್ಕಿ ತಂದಿದ್ದರೆ ಫೋಟೋ ನೋಡಿ ಮುಗಿದ ಮೇಲೆ ತೆಗೆಯಿರಿ.

ಅಜ್ಜಿ ಬರೆದ ದಾರಿಯ ಹಾಳೆಯ ಮೂಲ ಅವರ ಮಗಳ ಹತ್ತಿರ ಇದೆ. ಬರುವ ಮಂಗಳವಾರ ಬೆಳಿಗ್ಗೆ ನಾನು ಮೇರಿ ಸ್ಟ್ರೀಟಿನ ಒಬ್ಬ ತಾತನ ಮನೆಗೆ ಹೋಗುತ್ತಿದ್ದೇನೆ. ಅವರಪ್ಪ ಟ್ರಾಲಿಬಸ್ ಓಡಿಸುತ್ತಿದ್ದರಂತೆ. ಹಾಳೆ, ಪೆನ್ಸಿಲ್ ಚೀಲದಲ್ಲಿವೆ. ಮಗನಿಗೆ ಈಗ ಹದಿನಾರು. ತಾನೂ ಬರುತ್ತೇನೆ ಅಂದಿದ್ದಾನೆ.